ಖಾಲಿ ಮರಳು

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬಂಧುಗಳು ಹೇಳುವುದುಂಟು. ಅದನ್ನು ಅಲ್ಲಿಗೆ ತಂದಿಟ್ಟವರು ಯಾರೆಂದು ಮಾತ್ರ ಯಾರೂ ಹೇಳುವುದಿಲ್ಲ.

ನಕ್ಷೆ ಕಚೇರಿಯಲ್ಲಿ ಮದುವೆಗೆ ಮುಂಚಿನಿಂದಲೂ ಅವಳದು ಕಡಲ ತಳಕ್ಕೆ ಬಣ್ಣ ಹಚ್ಚುವ ಕೆಲಸ. ನೀರಿನಡಿ ತೆಗೆದ ಚಿತ್ರ ನೋಡಿ ಬಂಡೆಗೆ ಕಂದು, ಕಡಲಹುಲ್ಲಿಗೆ ಹಸಿರು ಹಚ್ಚಬೇಕು. ಏನೂ ಇಲ್ಲದ ಕಡೆ ಹಳದಿ. ಅದರ ಹೆಸರು 'ಖಾಲಿ ಮರಳು'. ಹಳದಿ ಇದ್ದಲ್ಲಿ ಹೂಳೆತ್ತಿ ಜೆಟ್ಟಿ ಕಟ್ಟಬಹುದು. ಹಸಿರನ್ನು ಮುಟ್ಟುವಂತಿಲ್ಲ.

ಆ ದಿನ ಮೇಲಧಿಕಾರಿ ಜೆಟ್ಟಿ ಬರಬೇಕಿದ್ದ ಕೊಲ್ಲಿಯ ಹೊಸ ಚಿತ್ರಗಳನ್ನು ಮುಂದಿಟ್ಟ. ಬಿರುಗಾಳಿಯ ಮರುದಿನ ತೆಗೆದವು. ಹುಲ್ಲಿನ ಎಲೆ ಹರಿದುಹೋಗಿ ಮೇಲೆ ಮರಳು ಕೂತಿತ್ತು.

"ಖಾಲಿ ಅಂತ ಹಾಕಮ್ಮ. ಕಣ್ಣಿಗೆ ಕಾಣಲ್ವಾ?"

"ಬೇರು ಕೆಳಗಿದೆ ಸರ್, ಮತ್ತೆ ಚಿಗುರುತ್ತೆ. ಮೀನು ಮರಿ ಬೆಳೆಯೋದೇ ಅಲ್ಲಿ."

"ಕಾಣದ್ದಕ್ಕೆ ಬಣ್ಣ ಹಚ್ಚೋಕೆ ನಾವೇನು ಜ್ಯೋತಿಷಿಗಳಾ?" ತನ್ನ ಮಾತಿಗೆ ತಾನೇ ನಕ್ಕ. "ನಾಳೆ ಹಳದಿ ಮಾಡಿಡು."

ಹಲ್ಲು ಕಚ್ಚಿಕೊಂಡೇ ಮನೆಗೆ ಬಂದಳು. ಗಂಡ ಕಾಲು ಚಾಚಿಕೊಂಡು ಗೆಳೆಯನಿಗೆ ಧಾರಾಳವಾಗಿ ಹೇಳುತ್ತಿದ್ದ: "ನಿನ್ನ ಮಗೂನೂ ಇಲ್ಲೇ ಬಿಟ್ಟು ಹೋಗೋ. ಅಮ್ಮ ಹೇಗೂ ಖಾಲಿ ಇರ್ತಾಳೆ."

ಅಡುಗೆಮನೆಯಲ್ಲಿ ಅತ್ತೆಯ ಕಂಕುಳಲ್ಲಿ ಮೊಮ್ಮಗಳು, ಕೈಯಲ್ಲಿ ಸೌಟು, ಕಣ್ಣು ಉಕ್ಕುವ ಹಾಲಿನ ಮೇಲೆ.

"ಕೇಳಿಸ್ತಾ ಅತ್ತೆ? ನೀವು ಖಾಲಿಯಂತೆ."

"ಕಿವಿಯೊಂದು ಖಾಲಿ ಇತ್ತು, ಕೇಳಿಸ್ತು ಕಣೇ. ಒಂದಿನ ನಾನು ಮಲಗಲಿ, ಯಾವ ಪಾತ್ರೆ ಖಾಲಿ ಅಂತ ಅವನಿಗೂ ಗೊತ್ತಾಗುತ್ತೆ."

ಬೆಳಗ್ಗೆ ಅವಳು ನೇರ ಕಚೇರಿಗೆ ಹೋಗುವ ಬದಲು, ಕಡಲ ತಳ ಅಳೆಯುವ ಇಲಾಖೆಯ ದೋಣಿ ಹತ್ತಿದಳು. ತಳದ ಮಣ್ಣು ಬಾಚುವ ಕಬ್ಬಿಣದ ಬುಟ್ಟಿಯನ್ನು ಕೊಲ್ಲಿಯಲ್ಲಿ ಇಳಿಸಿ ಎತ್ತಿಸಿದಳು. ಮೇಲೆ ಬಂದದ್ದನ್ನು ಬಕೆಟ್ಟಿನಲ್ಲಿ ತಂದು ಮೇಲಧಿಕಾರಿಯ ಮೇಜಿನ ಮೇಲೆ ಸುರಿದಳು. ಮರಳಿನ ತುಂಬ ಬಿಳಿ ಬೇರುಗಳು, ಜಡೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡವು. ಜೊತೆಗೆ ಒಂದು ಸಣ್ಣ ಏಡಿ.

"ನೋಡಿ ಸರ್, ನಿಮ್ಮ ಖಾಲಿ."

"ಏಯ್, ತಲೆ ಕೆಟ್ಟಿದೆಯಾ?" ಅವನು ಕುರ್ಚಿ ಹಿಂದಕ್ಕೆ ತಳ್ಳಿದ.

"ಕೊಲ್ಲಿ ಹಸಿರೇ. ಬೇರಿನ ಫೋಟೋ, ನನ್ನ ಸಹಿ ಎರಡೂ ಜೆಟ್ಟಿಯ ಯೋಜನಾ ಸಮಿತಿಗೆ ಹೋಗಿವೆ. ಹಳದಿ ಬೇಕಿದ್ರೆ ನಿಮ್ಮ ಸಹಿ ಹಾಕಿ ಕಳಿಸಿ."

ಏಡಿ ಅಂಚಿನತ್ತ ಹೊರಟಿತ್ತು. ಅವನು ಫೈಲುಗಳನ್ನು ಅದರಿಂದ ದೂರ ಎಳೆದುಕೊಂಡ: "ಇದನ್ನೆಲ್ಲ ಯಾರು ಒರೆಸೋದು?"

ಅವನ ಕಣ್ಣು ಆಗಲೇ ಕಸ ಗುಡಿಸುವವಳನ್ನು ಹುಡುಕುತ್ತಿತ್ತು. ಆಕೆ ಬಾಗಿಲಲ್ಲೇ ಇದ್ದಳು.

"ಅಕ್ಕ, ನೀವು ಕೂತ್ಕೊಳ್ಳಿ," ಎಂದಳು ಅವಳು. ಏಡಿಯನ್ನು ಬಕೆಟ್ಟಿಗೆ ಹಾಕಿಕೊಂಡು ಅವನತ್ತ ತಿರುಗಿದಳು. "ಬಟ್ಟೆ ಬಾಗಿಲ ಹಿಂದಿದೆ ಸರ್. ನೀವು ಹೇಗೂ ಖಾಲಿ ಇದೀರಲ್ಲ."