ಬಗ್ಗಿ ಬರಬೇಕು

ಆ ರೆಸಾರ್ಟಿನ ಕೋಣೆಯಲ್ಲಿ ನಾನು ಬಹಳ ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಸಿಟ್ಟೇ ಹೆಚ್ಚು, ಸಿಟ್ಟಿನಲ್ಲಿ ಬರೆಯುವವನು ತನಗೆ ಸಿಕ್ಕ ಸುಖವನ್ನು ಬೇಕೆಂದೇ ಮರೆಯುವುದುಂಟು.

ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ಕಡೆ ಹೋದರೆ ಹಿನ್ನೀರಿನ ದಂಡೆಯಲ್ಲಿ ಆರು ಗುಡಿಸಲುಗಳಿವೆ. ಗುಡಿಸಲು ಅನ್ನುವುದು ಅವರು ಇಟ್ಟ ಹೆಸರು. ಹುಲ್ಲಿನ ಕೆಳಗೆ ಕಾಂಕ್ರೀಟ್ ಇದೆ, ಮಣ್ಣಿನ ಗೋಡೆಯೊಳಗೆ ವೈರಿಂಗ್ ಇದೆ. ಅವುಗಳ ಒಳಾಂಗಣವನ್ನೆಲ್ಲ ವಿನ್ಯಾಸ ಮಾಡಿದಾಕೆ ನನಗೆ ಫೋನ್ ಮಾಡಿದ್ದರು. ಇಪ್ಪತ್ತು ವರ್ಷಕ್ಕೂ ಹಿಂದೆ ನಾನು ಅದೇ ಕಡೆಯ ಬುಡಕಟ್ಟಿನವರ ಹಾಡಿಯೊಂದರ ಮನೆಗಳ ಬಗ್ಗೆ ಬರೆದ ಪ್ರಬಂಧವನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೂತು ಪೂರ್ತಿ ಓದಿದ್ದರಂತೆ. ನನ್ನ ಪರೀಕ್ಷಕರೂ ಅದನ್ನು ಪೂರ್ತಿ ಓದಿದ್ದರೆಂಬ ನಂಬಿಕೆ ನನಗಿಲ್ಲ. ಎರಡು ದಿನ ಬಂದು ಇರಿ, ಹೇಗಿದೆ ಹೇಳಿ ಅಂದರು. ಹುಣಸೂರಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವವನಿಗೆ ಅಂಥ ಮರ್ಯಾದೆ ಯಾವಾಗಲೂ ಸಿಗುವುದಿಲ್ಲ. ಹೋದೆ.

ಆಕೆ ಕೋಣೆ ತೋರಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಅಥವಾ ಹಾಗೆ ಕಟ್ಟಿದೆ ಎಂದು ನಾನು ನಂಬಿದ್ದೇನೆ. ಕಿಟಕಿಯನ್ನು ಮಂಚದ ಮಟ್ಟಕ್ಕೆ ಇಳಿಸಿದ್ದರು. ದಿಂಬಿನ ಮೇಲೆ ತಲೆಯಿಟ್ಟರೆ ನೀರು ಕಾಣುತ್ತಿತ್ತು, ಎದ್ದು ಕೂತರೆ ಕಾಣುತ್ತಿರಲಿಲ್ಲ. "ಮಲಗಿದವರು ಮಲಗೇ ಇರಲಿ ಅಂತ," ಎಂದು ನಕ್ಕರು. ದೀಪಗಳೆಲ್ಲ ಗೋಡೆಯ ಗೂಡಿನೊಳಗೆ, ಬೆಳಕು ಕಾಣುತ್ತದೆ, ಬಲ್ಬು ಕಾಣುವುದಿಲ್ಲ. ನಡೆದರೆ ಸದ್ದಾಗದಂತೆ ನೆಲಕ್ಕೆ ತೆಂಗಿನ ನಾರಿನ ಚಾಪೆ. ಪ್ರತಿಯೊಂದಕ್ಕೂ ಒಂದು ಯೋಚನೆ, ಯೋಚನೆಗೊಂದು ಕಾರಣ.

"ಗೆಸ್ಟ್ ಒಳಗೆ ಕಾಲಿಟ್ಟ ಮೊದಲ ಹತ್ತು ಸೆಕೆಂಡ್ ಇದೆಯಲ್ಲ ಸರ್, ಅಷ್ಟೇ ನಮ್ಮ ಕೈಯಲ್ಲಿರೋದು. ಆಮೇಲೆ ಅವರು ಫೋನ್ ತೆಗೀತಾರೆ," ಅಂದರು. "ಆ ಹತ್ತು ಸೆಕೆಂಡ್ ಮಾತ್ರ ನಿಮ್ಮ ಥೀಸಿಸ್‌ನಿಂದ ತಗೊಂಡಿದ್ದು ಸರ್. ನೋಡಿ."

ಬಾಗಿಲು ತೋರಿಸಿದರು. ನನ್ನ ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ಬರುತ್ತಿತ್ತು, ಅಷ್ಟೇ. ಆರೂ ಗುಡಿಸಲಿಗೆ ಅಂಥದೇ ಬಾಗಿಲು. ದಿಂಬಿನ ಮೇಲೆ ಒರಟು ಕಾಗದದ ಕಾರ್ಡೊಂದಿತ್ತು: "ಹಾಡಿಯ ಮನೆಗೆ ಬಗ್ಗಿ ಬರಬೇಕು. ತಗ್ಗಾದ ಬಾಗಿಲು ಬಂದವನ ಅಹಂಕಾರವನ್ನು ಹೊರಗೇ ನಿಲ್ಲಿಸುತ್ತದೆ." ಕೆಳಗೆ ಸಣ್ಣ ಅಕ್ಷರದಲ್ಲಿ, ವಿಶ್ವವಿದ್ಯಾನಿಲಯದ ಸಂಶೋಧನೆಯ ಆಧಾರದಿಂದ ಎಂದು. ನನ್ನದೇ ವಾಕ್ಯ. ನನಗೆ ಹಿಗ್ಗಾಯಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಬೆಳಿಗ್ಗೆ ಕಾಫಿ ತಂದವಳು ಮೂವತ್ತರ ಆಚೀಚಿನ ಹೆಂಗಸು. ಟ್ರೇ ಅಲುಗದ ಹಾಗೆ ಬೆನ್ನು ನೆಟ್ಟಗಿಟ್ಟು, ಮಂಡಿ ಮಡಚಿ, ಬಾತುಕೋಳಿಯ ಹಾಗೆ ಎರಡು ಹೆಜ್ಜೆ ಇಟ್ಟು ಒಳಗೆ ಬಂದಳು. ನಾನು ಬಾಗಿದ್ದು ಹಾಗಲ್ಲ. ನಾನು ಬಾಗಿದ್ದರಲ್ಲಿ ಸ್ವಲ್ಪ ಭಕ್ತಿ ಇತ್ತು. ಅವಳ ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಕಪ್ಪಗೆ ಊದಿಕೊಂಡಿತ್ತು.

"ಗುರ್ತು ಸಿಕ್ತಾ ಸಾ?" ಅಂದಳು.

ಸಿಕ್ಕಲಿಲ್ಲ. ನಾನು ಹಾಡಿಯಲ್ಲಿ ದಿನಗಟ್ಟಲೆ ಕೂತು ಮಾತಾಡಿಸುತ್ತಿದ್ದ ಮುದುಕನ ಮಗಳಂತೆ.

"ಬುಕ್ಕು ಇಡ್ಕಂಡು ನಮ್ಮಪ್ಪನ್ನ ಅದೇನದು ಇದೇನದು ಅಂತ ಕೇಳ್ತಿದ್ರಲ್ಲ ಸಾ. ನಾವು ಉಡುಗ್ರೆಲ್ಲ ನಿಮ್ಗೆ ಯೆಸ್ರು ಇಟ್ಟಿದ್ವಿ, ಅದೇನದು ಮೇಷ್ಟ್ರು ಅಂತ."

ಹಣೆಗೇನಾಯಿತು ಎಂದು ಕೇಳಿದೆ. ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. ಹೋದ ವಾರ ಬಿಸಿ ಹಾಲು ತರುವಾಗ ತಲೆ ಬಡಿದು, ಹಾಲು ಗೆಸ್ಟ್ ಒಬ್ಬರ ಕಾಲಿನ ಮೇಲೆ ಬಿದ್ದಿತ್ತು. ಇನ್ನೊಂದು ಸಲ ಹಾಗಾದರೆ ಕೆಲಸಕ್ಕೆ ಬರುವುದೇ ಬೇಡ ಎಂದು ರೆಸಾರ್ಟಿನವರು ಅಂದಿದ್ದರು.

"ಈ ಕೆಲ್ಸ ಓದ್ರೆ ಹಂಪಾಪುರದ್ ಕಡೀಕೆ ಸುಂಠಿ ಕೀಳಕ್ಕೆ ಓಗ್ಬೇಕು, ಅದು ಮುಗುದ್ರೆ ಕೊಡಗಿನ ತೋಟದ್ ಲೈನ್ ಮನೆ. ಮಗ್ಳು ಏಳ್ನೇ ಕ್ಲಾಸು ಸಾ. ಅಲ್ಲಿಗೆ ಕರ್ಕೊಂಡೋದ್ರೆ ಇಸ್ಕೂಲು ಬುಟ್ಟಂಗೇಯ. ಬಾಗ್ಲು ಎತ್ರ ಮಾಡ್ಸಿ ಅಂದ್ರೆ, ಅದು ನಿಮ್ಮೋರ್ದೇ ಪದ್ಧತಿ ಕಣಮ್ಮ, ನೀನೇ ಇಂಗಂದ್ರೆ ಎಂಗೆ ಅಂತಾರೆ. ಪದ್ಧತಿಯಂತೆ! ಯಾರ್ ಯೋಳಿದ್ದು ಅಂದ್ರೆ, ಬುಕ್ಕಲ್ಲಿ ಅದೆ ಅಂತಾರೆ."

"ನಿಮ್ಮಪ್ಪನೇ ಹೇಳಿದ್ದಲ್ಲವೇನಮ್ಮ? ಬಗ್ಗಿ ಬರಬೇಕು ಅಂತ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಟ್ರೇ ಕೆಳಗಿಟ್ಟು, ಸೆರಗು ಬಾಯಿಗಿಟ್ಟು ನಕ್ಕಳು. ಸಂತೋಷದ ನಗುವಲ್ಲ.

"ಬಗ್ಗಿ ಬರ್ಬೇಕು ಸಾ, ತಲೆಗ್ ಒಡೀತದೆ. ಅಂಗಂದಿದ್ದು ನಮ್ಮಪ್ಪ. ನೀವು ಕೇಳ್ದಂಗೇ ನುಗ್ಗುದ್ರಿ, ಬಾಗ್ಲ ಮ್ಯಾಲಿನ ಬಿದ್ರು ಗಳ ಬಡುದು ರಕ್ತ ಬಂತು. ನಮ್ಮವ್ವ ಅರಿಸ್ನ ಮೆತ್ತಿದ್ಲು. ನಿಮ್ಗೆ ಗ್ಯಾಪ್ನ ಇಲ್ವಾ?"

ಇರಲಿಲ್ಲ. ಒಂದು ಚೂರೂ ಇರಲಿಲ್ಲ.

"ಮತ್ತೆ ಬಾಗಿಲು ತಗ್ಗಾಗಿದ್ದದ್ದು ಯಾಕೆ?"

"ಮಳೆ ಗಾಳಿ ಒಳೀಕ್ ಬರ್ದಿರ್ಲಿ ಅಂತ. ಉದ್ದುನ್ ಗಳ ಸಿಕ್ಕಿರ್ನಿಲ್ಲ ಅಂತ. ಇನ್ಯಾಕೆ? ಈಗ ನಮ್ಗೆ ತಗ್ಡು ಸೀಟಿನ್ ಮನೆ ಅದೆ, ಬಾಗ್ಲು ಇಷ್ಟೆತ್ರ. ನಮ್ಮಪ್ಪ ಸಾಯೋಗಂಟ ಅದ್ರಲ್ಲಿ ಸುಮ್ಸುಮ್ನೆ ಒಳೀಕೂ ಈಚೀಕೂ ಓಡಾಡನು, ನೆಟ್ಟುಗೆ."

ಅವಳು ಹೋದ ಮೇಲೆ ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಕೂದಲು ಸರಿಸಿ ಗಾಯದ ಗುರುತು ಹುಡುಕಿದೆ. ಬೆಳಕು ಗೂಡಿನೊಳಗಿಂದ ಜೇನಿನ ಹಾಗೆ ಸೋರುತ್ತಿತ್ತು. ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಿದ್ದೆನೇ ಹೊರತು ಗುರುತೊಂದೂ ಕಾಣಲಿಲ್ಲ. ಬೆರಳಿಗೆ ಏನೋ ಸಣ್ಣದೊಂದು ಉಬ್ಬು ಸಿಕ್ಕಿತು. ಅದು ಸೈಕಲ್ಲಿಂದ ಬಿದ್ದಾಗ ಆದದ್ದೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಸೈಕಲ್ಲಿಂದ ಬಿದ್ದದ್ದು ನೆನಪಿದೆಯೇ ಅಂದರೆ, ಅದೂ ಅಮ್ಮ ಹೇಳಿದ್ದು.

ಮಧ್ಯಾಹ್ನದ ಊಟಕ್ಕೆ ಕೂತಾಗ ವಿನ್ಯಾಸಕಿಗೆ ಹೇಳಿದೆ. ಆ ವಾಕ್ಯ ತಪ್ಪು, ಬಾಗಿಲು ಎತ್ತರಿಸಿ.

"ಅವಳೇ ಹೇಳಿದ್ಲಾ? ಕರೀಲಾ?"

"ಕರೀಬೇಡಿ. ನಾನು ಹೇಳ್ತಾ ಇದ್ದೀನಿ."

"ನಿಮಗೆ ನೆನಪಿದೆಯಾ ಸರ್, ಆ ತಾತ ಏನಂದ್ರು ಅಂತ?"

"ಇಲ್ಲ. ಅವಳಿಗಿದೆ."

"ಆಗ ಅವಳಿಗೆಷ್ಟು ವಯಸ್ಸು?"

"ಎಂಟೋ ಒಂಬತ್ತೋ."

ಆಕೆ ಪಲ್ಯ ಬಡಿಸಿಕೊಳ್ಳುತ್ತ, ಯಾವ ಕೊಂಕೂ ಇಲ್ಲದೆ ಹೇಳಿದರು: "ನಿಮ್ಮ ಥೀಸಿಸ್‌ನಲ್ಲಿ ಒಂದು ಚಾಪ್ಟರೇ ಇದೆ ಸರ್, ಬಾಯಿಮಾತಿನ ನೆನಪನ್ನ ಪುರಾವೆ ಅಂತ ತಗೋಬಾರದು ಅಂತ. ನಂಗೆ ಆ ಚಾಪ್ಟರ್ ತುಂಬಾ ಇಷ್ಟ ಆಯ್ತು."

ಇಪ್ಪತ್ತು ವರ್ಷ ನಾನು ತರಗತಿಯಲ್ಲಿ ಮಾಡಿಕೊಂಡು ಬಂದ ಕೆಲಸವೇ ಅದು. ಅಜ್ಜಿ ಹೇಳಿದಳು ಅಂದ ಹುಡುಗರಿಗೆ, ಅಜ್ಜಿಗೆ ಯಾರು ಹೇಳಿದರು ಅನ್ನುವುದು. ನಂಬದಿರುವುದನ್ನೇ ಬುದ್ಧಿ ಎಂದುಕೊಂಡವನು ಒಬ್ಬ ಮುದುಕನ ಬಾಯಿಂದ ಬಂದ ಅರ್ಧ ಮಾತನ್ನು ಮಾತ್ರ ಅನುಮಾನವಿಲ್ಲದೆ ನಂಬಿದ್ದೆ, ಯಾಕೆಂದರೆ ಅದು ನನ್ನ ಪ್ರಬಂಧಕ್ಕೆ ಒಪ್ಪುತ್ತಿತ್ತು.

"ಗೆಸ್ಟ್‌ಗಳು ಆ ಬಾಗಿಲನ್ನ ಎಷ್ಟು ಮೆಚ್ಚಿ ಬರೀತಾರೆ ಗೊತ್ತಾ ಸರ್?" ಅಂದರು ಆಕೆ. "ಬಗ್ಗಿದ ತಕ್ಷಣ ಏನೋ ಒಳಗೇ ಬದಲಾಯ್ತು ಅಂತಾರೆ."

"ಅವರು ಎರಡು ದಿನ ಬಗ್ಗುತ್ತಾರೆ. ಇವಳು ದಿನವಿಡೀ ಬಗ್ಗುತ್ತಾಳೆ, ಕೈಯಲ್ಲಿ ಬಿಸಿ ಹಾಲು ಹಿಡಿದು. ಕಿಟಕಿ ಎಲ್ಲಿರಬೇಕು ಅಂತ ಮಲಗುವವನ ತಲೆ ಅಳೆದಿದ್ದೀರಿ. ಟ್ರೇ ತರುವವಳನ್ನು ಯಾಕೆ ಅಳೆಯಲಿಲ್ಲ?" ನನ್ನ ದನಿ ಏರಿತ್ತು, ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಬಾಗಿಲ ಮೇಲ್ಪಟ್ಟಿಗೆ ಸ್ಪಂಜ್ ಹಾಕಿಸ್ತೀನಿ ಸರ್, ಮೇಲೆ ಗೋಣಿ ಬಟ್ಟೆ ಸುತ್ತಿ. ನೋಡೋಕೂ ಚೆನ್ನಾಗಿರುತ್ತೆ," ಅಂದರು. ಕೆಟ್ಟವರಲ್ಲ ಆಕೆ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು.

ಎರಡನೆಯ ರಾತ್ರಿ ಉಳಿಯಲಿಲ್ಲ. ಹುಣಸೂರಿಗೆ ಬಂದು ಅಟ್ಟದ ಮೇಲಿದ್ದ ಹಳೆಯ ನೋಟ್‌ಬುಕ್ಕುಗಳನ್ನು ಇಳಿಸಿದೆ. ಆ ದಿನದ ಪುಟ ಸಿಕ್ಕಿತು. "ಬಗ್ಗಿ ಬರಬೇಕು" ಅನ್ನುವ ಎರಡು ಪದ, ಕೆಳಗೆ ಗೆರೆ. ಗೆರೆ ಎಳೆದು ಪೂರ್ಣವಿರಾಮ ಹಾಕಿದ್ದೆ. ಪುಟದ ಮೂಲೆಯಲ್ಲಿ ಹಳದಿ ಕಲೆಯಿತ್ತು. ಅರಿಶಿನವೋ, ಕಾಗದವೇ ಹಳದಿಯಾದದ್ದೋ ಹೇಳಲಾರೆ. ಅದನ್ನು ಸಾಕ್ಷಿ ಅನ್ನಲು ನನಗೆ ಎಷ್ಟು ಆಸೆಯಿದೆ ಎಂಬ ಕಾರಣಕ್ಕೇ ಅನ್ನಲಾರೆ.

ಆ ಬಾಗಿಲುಗಳನ್ನು ಮಾಡಿದವರು ನಮ್ಮೂರಿನವರೇ, ಮರದ ಕೆಲಸದ ಸಾಬರು. ನಮ್ಮ ಮನೆಯ ಕಪಾಟನ್ನೂ ಅವರೇ ಮಾಡಿದ್ದು. ಬಾಗಿಲು ಎತ್ತರಿಸಬಹುದೇ, ಗೋಡೆ ಒಡೆಯಬೇಕೇ ಎಂದು ಕೇಳಲು ಅವರ ಅಂಗಡಿಗೆ ಹೋದೆ. ಅವರು ತೇಗದ ಹಲಗೆಯೊಂದಕ್ಕೆ ತೋಪಡ ಹೊಡೆದು ನಯ ಮಾಡುತ್ತಿದ್ದರು. ಕೈ ನಿಲ್ಲಿಸದೆಯೇ ನಕ್ಕರು.

"ಬಂದ್ರಾ? ಇನ್ನೂ ಯಾರೂ ಬಂದಿಲ್ವಲ್ಲಾ ಅಂತ ನಾನೇ ಕಾಯ್ತಿದ್ದೆ ಸಾರ್."

"ಅಂದರೆ?"

"ಗೋಡೆ ಒಡೆಯೋದು ಬೇಡ. ಚೌಕಟ್ಟು ಪೂರ್ತಿ ಎತ್ತರದ್ದೇ ಮಾಡಿದೀನಿ. ಅದ್ರೊಳಗೆ ಕೆಳಕ್ಕೆ ಇನ್ನೊಂದು ಅಡ್ಡಪಟ್ಟಿ ಕೂರ್ಸಿ, ಮೇಲಿಂದಕ್ಕೆ ಹಲಗೆ ಮುಚ್ಚಿ ಮಣ್ಣು ಮೆತ್ತಿಸಿಬಿಟ್ಟಿದೀನಿ. ಅಂಟೂ ಇಲ್ಲ, ಮೊಳೆನೂ ಇಲ್ಲ, ಬರೀ ಮರದ ಗೂಟ. ಗೂಟ ತೆಗೆದ್ರೆ ಪಟ್ಟಿ ಕೈಗೆ ಬತ್ತದೆ. ಬಾಗಿಲಿಗೆ ಮೇಲೊಂದು ತುಂಡು ಕೂಡಿಸೋದು, ಮುಗೀತು."

"ಆ ಮೇಡಮ್ಮಿಗೆ ಹೇಳಿದ್ರಾ?"

"ಯೋಳಿದ್ರೆ ಬಿಡ್ತಿದ್ರಾ? ನಮ್ಮ ಅಬ್ಬಾ ಬಾಗಿಲು ಅಳತೆ ಎಂಗೆ ತಗೋತಿದ್ರು ಗೊತ್ತಾ ಸಾರ್? ತಲೆ ಮೇಲೆ ಮೂಟೆ ಹೊತ್ತಿರೋ ಆಳನ್ನ ನಿಲ್ಸಿ. ಮೂಟೆ ಹೊತ್ತೋನು ಹೋಗದಿದ್ರೆ ಅದು ಬಾಗಿಲಲ್ಲ, ಗೂಡು ಅನ್ನೋರು. ನಾನು ಆ ಮೇಡಮ್ಮಿಗೂ ಅಂದೆ, ಮೇಡಂ, ಇದ್ಯಾವ ನಮೂನೆ ಅಂತ. ಯಾರೋ ದೊಡ್ಡ ಇದ್ವಾಂಸರು ಬರ್ದವ್ರೆ ಅಂದ್ರು." ಈಗ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನೀವೇಯಾ ಅದು? ಯಾ ಅಲ್ಲಾ! ನಿಮ್ಮ ಕಪಾಟಿಗೆ ಬಾಗಿಲು ನೆಟ್ಟಗೇ ಇಟ್ಟಿದ್ನಲ್ಲ ಸಾರ್, ಏನ್ ಸಿಟ್ಟು ನಿಮ್ಗೆ ಬಾಗಿಲ ಮ್ಯಾಲೆ?"

ಮನೆಗೆ ಬಂದು ರೆಸಾರ್ಟಿನವರಿಗೆ ಪತ್ರ ಬರೆದೆ. ಆ ವಾಕ್ಯ ನಾನು ಅರ್ಧ ಕೇಳಿ ಬರೆದದ್ದು, ಅಹಂಕಾರದ ಮಾತು ನನ್ನ ಕಲ್ಪನೆ, ಹಾಡಿಯವರು ಯಾರೂ ಹಾಗೆ ಹೇಳಿಲ್ಲ. ಕಾರ್ಡು ಮತ್ತು ಬಾಗಿಲು ಹಾಗೆಯೇ ಉಳಿದರೆ ಇದನ್ನು ನಾನೇ ಪತ್ರಿಕೆಗೆ ಬರೆಯುತ್ತೇನೆ. ಇದನ್ನು ಬರೆಯುವುದಕ್ಕೆ ಅವಳ ನೆನಪನ್ನು ನನ್ನ ನೋಟ್‌ಬುಕ್ಕಿಗಿಂತ ಹೆಚ್ಚು ನಂಬಬೇಕಾಗಿತ್ತು. ನಂಬಿದೆ. ಪುರಾವೆ ಇವತ್ತಿಗೂ ಇಲ್ಲ, ಆದರೆ ಒಡೆದ ತಲೆ ಯಾರದ್ದೋ ಅವರ ಮಾತಿಗೆ ಬರೆದವನ ಪದವಿಗಿಂತ ಹೆಚ್ಚು ತೂಕ ಇರಬೇಕು ಎಂದು ಅವತ್ತು ಅನ್ನಿಸಿತು. ಪತ್ರ ಕೆಲಸ ಮಾಡಿತು. ಸತ್ಯಕ್ಕೆ ಅಲ್ಲ, ಪತ್ರಿಕೆಗೆ ಅವರು ಹೆದರಿದರು.

ತಿಂಗಳಾದ ಮೇಲೆ ಸಾಬರು ತಮ್ಮ ಗೂಡ್ಸ್ ಆಟೋದಲ್ಲಿ ಕೊನೆಯ ಬಾಗಿಲು ಕೂರಿಸಲು ಹೊರಟಾಗ ನಾನೂ ಹತ್ತಿಕೊಂಡೆ. ಐದು ಗುಡಿಸಲ ಬಾಗಿಲು ಆಗಲೇ ಎತ್ತರವಾಗಿದ್ದವು. ಹೊಸ ತುಂಡಿನ ಬಣ್ಣ ಮಾತ್ರ ಸ್ವಲ್ಪ ತಿಳಿ. ಸಾಬರು ಆರನೆಯದರ ಗೂಟಗಳನ್ನು ಒಂದೊಂದಾಗಿ ಬಡಿದು ತೆಗೆದರು. ಅಡ್ಡಪಟ್ಟಿ ಹೇಳಿದ ಹಾಗೆಯೇ ಕೈಗೆ ಬಂತು. ನನಗೆ ಗೆದ್ದ ಹಾಗೆ ಅನ್ನಿಸಿತ್ತು.

ಆಗ ಮೊದಲನೆಯ ಗುಡಿಸಲಿಗೆ ಗಂಡ ಹೆಂಡತಿ ಇಬ್ಬರು ಗೆಸ್ಟ್‌ಗಳು ಬಂದರು. ಬಾಗಿಲ ಪಕ್ಕ ಮುದುಕನ ಮಗಳು ನಿಂತಿದ್ದಳು, ಹೊಸ ಸೀರೆ, ಕೈಯಲ್ಲಿ ಟ್ರೇ ಇರಲಿಲ್ಲ. ಅವರು ಹತ್ತಿರ ಬರುತ್ತಿದ್ದಂತೆ ಎರಡೂ ಕೈ ಜೋಡಿಸಿ ಸೊಂಟದಿಂದ ಬಗ್ಗಿದಳು, ಅವರಿಬ್ಬರೂ ಒಳಗೆ ಹೋಗುವ ತನಕ ಹಾಗೆಯೇ ಇದ್ದಳು. ಗಂಡಸು ಫೋನ್ ನೋಡುತ್ತ ನೆಟ್ಟಗೆ ಒಳಗೆ ನಡೆದ.

"ಇದೇನಮ್ಮ ಇದು?" ಅಂದೆ, ಅವಳು ನೆಟ್ಟಗಾದ ಮೇಲೆ.

"ಬಾಗ್ಲು ಎತ್ರ ಆಯ್ತಲ್ಲ ಸಾ, ಈಗ ಗೆಸ್ಟು ಬಗ್ಗಲ್ವಂತೆ. ಯಾರಾರ ಬಗ್ಬೇಕಂತೆ, ಆ ಪೀಲಿಂಗು ಬರಾಕೆ. ಅದ್ಕೆ ನಮ್ನ ನಿಲ್ಸವ್ರೆ."

"ಕೆಲಸ?"

"ಕೆಲ್ಸ ಅದೆ. ಮಗ್ಳು ಇಸ್ಕೂಲಿಗೆ ಓಯ್ತಾಳೆ. ತಲೆ ಒಡ್ಕಳದು ತಪ್ತು." ಬೆನ್ನಿನ ಕೆಳಭಾಗಕ್ಕೆ ಕೈಯಿಟ್ಟು ಒತ್ತಿಕೊಂಡಳು.

ನಾನು ಆಕೆಯ ಹತ್ತಿರ, ಆ ವಿನ್ಯಾಸಕಿಯ ಹತ್ತಿರ, ಈಗಲೇ ಹೋಗಿ ಮಾತಾಡುತ್ತೇನೆ ಅಂದೆ. ಅಂದೆನೇ, ಅನ್ನಬೇಕೆಂದುಕೊಂಡೆನೇ, ಸರಿಯಾಗಿ ಹೇಳಲಾರೆ. ಜೇಬಿನಿಂದ ಟಿಪ್ಪಣಿ ಪುಸ್ತಕ ಮಾತ್ರ ತೆಗೆದಿದ್ದೆ. ಹಳೆಯ ಅಭ್ಯಾಸ.

ಅವಳು ಪುಸ್ತಕ ನೋಡಿದಳು. ದಾರಿಯಲ್ಲಿ ಇನ್ನೊಂದು ಕಾರು ಬರುವ ಸದ್ದಾಗಿತ್ತು. ಸೆರಗು ಸರಿಮಾಡಿಕೊಂಡು ಮತ್ತೆ ಬಾಗಿಲ ಪಕ್ಕಕ್ಕೆ ಹೋಗುತ್ತ ಹೇಳಿದಳು:

"ಬರ್ಕಳಿ ಸಾ. ಈ ಸಲ ಪೂರ್ತಿ ಬರ್ಕಳಿ."