ಕುಂಡದ ಕರಿಬೇವು

ನಾವಿರುವ ಪರದೇಶದ ಶ್ಯಾಂಟಿಲಿ ಊರಿನ ಬಳಿಯ ಜಪಾನೀ ಬೋನ್ಸಾಯ್ ಕಲಾವಿದರೊಬ್ಬರ ತೋಟಕ್ಕೆ ಸುಧಾ ಆಂಟಿ ನನ್ನನ್ನು ಕರೆದೊಯ್ದದ್ದು ಕಲೆ ನೋಡಲಿಕ್ಕಲ್ಲ. ಚಳಿಗೆ ಎಲೆಯೆಲ್ಲ ಉದುರಿದ ತಮ್ಮ ಕರಿಬೇವಿನ ಗಿಡ ಬದುಕಿದೆಯೇ ಎಂದು ಕೇಳಲಿಕ್ಕೆ.

ಆ ಹಿರಿಯರು ಪೈನ್ ಕೊಂಬೆಯೊಂದನ್ನು ಬಾಗಿಸಿ ತಂತಿ ಸುತ್ತುತ್ತಿದ್ದರು. "ಮರವನ್ನು ಕುಂಡದಲ್ಲಿ ಕುಗ್ಗಿಸುವುದು ಹಿಂಸೆಯಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

"ಅಯ್ಯೋ, ನಿನ್ನ ಡಿಬೇಟ್ ಆಮೇಲೆ ಮಾಡು, ಮೊದ್ಲು ನನ್ನ ಗಿಡ ನೋಡ್ಲಿ ಅವರು," ಎಂದು ಆಂಟಿ ಕನ್ನಡದಲ್ಲಿ ಗದರಿದರು.

ಹಿರಿಯರು ಆಂಟಿ ಹೊತ್ತುತಂದಿದ್ದ ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿತ್ತು. "ಬದುಕಿದೆ. ನಿಮ್ಮೂರಲ್ಲಿ ಇದೆಷ್ಟು ಎತ್ತರ ಬೆಳೆಯುತ್ತದೆ?"

"ಮನೆ ಮಾಳಿಗೆವರೆಗೂ," ಎಂದರು ಆಂಟಿ, ಮೊಣಕಾಲೆತ್ತರದ ಗಿಡವನ್ನು ಸವರುತ್ತ.

ಹಿರಿಯರು ಆ ಕುಂಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಇದು ಅಂದಕ್ಕಲ್ಲ, ದಿನಾ ಕಿತ್ತು ಒಗ್ಗರಣೆಗೆ ಹಾಕಲಿಕ್ಕೆ," ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಮರವನ್ನು ಕುಂಡದಲ್ಲಿ ಕುಗ್ಗಿಸುವುದನ್ನು ಸಮರ್ಥಿಸಿ ನಾನು ಎದುರು ಪಕ್ಷದ ಪರ ವಾದಿಸಿದ್ದೆ.