ಬಾಗಿಲಲ್ಲಿ ಅರಳಿದ ಜಿಗಿಹುಳು

ಅರವತ್ತರ ದಶಕದಲ್ಲಿ ಹೊಸ ಜಿಗಿಹುಳುವೊಂದನ್ನು ಕಂಡುಹಿಡಿದವಳೆಂಬ ಹೆಮ್ಮೆ ನನಗಿರಬೇಕಿತ್ತು. ಆದರೆ ಅದರ ಮಾತು ಬಂದಾಗಲೆಲ್ಲ ಈಗಲೂ ಮುಖ ಬಿಸಿಯಾಗುತ್ತದೆ.

ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಶಿಡ್ಲಘಟ್ಟದ ಮನೆಗೆ ಮರಳಿದ್ದೆ. ದಿಬ್ಬೂರಹಳ್ಳಿಯ ನಮ್ಮ ಹಿಪ್ಪುನೇರಳೆ ತೋಟದ ಬದುವಿನ ಹುಲ್ಲಿನಲ್ಲಿ ಅದು ಸಿಕ್ಕಿತು. ಅಕ್ಕಿಕಾಳಿಗಿಂತ ಚಿಕ್ಕದು, ಹಸಿರು. ಮುಟ್ಟಹೋದರೆ ಅಡ್ಡಡ್ಡ ನಡೆದು ಎಲೆಯ ಹಿಂದೆ ಅಡಗಿ ಚಂಗನೆ ಹಾರುವ ಕಳ್ಳ. ಬೆಂಗಳೂರಿಗೆ ಒಯ್ದರೆ ನನ್ನ ಮೇಷ್ಟ್ರು ನೋಡಿ, "ಇದು ಯಾವ ಪುಸ್ತಕದಲ್ಲೂ ಇಲ್ಲಮ್ಮ, ನೀನೇ ವರ್ಣನೆ ಬರಿ" ಎಂದು ಒಂದು ಹಳೆಯ ಸೂಕ್ಷ್ಮದರ್ಶಕ ಕೊಟ್ಟು ಕಳಿಸಿದರು. ಈ ಹುಳುಗಳು ಹೊರಗೆ ಎಲ್ಲವೂ ಒಂದೇ ಥರ. ಒಂದು ಜಾತಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಗಂಡಿನ ಜನನಾಂಗದಿಂದ. ಅದನ್ನು ಬೇರ್ಪಡಿಸಿ, ಕ್ಷಾರದಲ್ಲಿ ಬೇಯಿಸಿ, ಚಿತ್ರ ದೊಡ್ಡದಾಗಿ ಬರೆಯಬೇಕು. ಬರೆದೆ. ನಡುವೆ ನೆಟ್ಟಗೊಂದು ಕಡ್ಡಿ, ಅದರ ತುದಿಗೆ ಎರಡು ಕೊಂಬು, ಅಕ್ಕಪಕ್ಕ ಎಸಳು. ದೀಪದ ಕಂಬದ ಹಾಗೆ ಚೆನ್ನಾಗಿಯೇ ಬಂತು. ಅದೇನೆಂದು ಮನೆಯಲ್ಲಿ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಚಿಂತಾಮಣಿ ಊರಿನ ಮನೆಯವರೊಬ್ಬರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಆ ಬೆಳಿಗ್ಗೆ ತಲೆ ಒಣಗಿಸಿಕೊಳ್ಳಲು ಹೊರಗೆ ಬಂದರೆ, ಬಾಗಿಲಲ್ಲಿ ನನ್ನ ಗಂಡುಹುಳುವಿನ ಅಂಗ ಚಾಪೆಯಗಲ ಅರಳಿಕೊಂಡಿದೆ! ಅಮ್ಮನ ರಂಗೋಲಿಗೆ ಬೀದಿಯಲ್ಲೆಲ್ಲ ಹೆಸರು. ಮೇಜಿನ ಮೇಲಿನ ಹಾಳೆ ನೋಡಿ, ಹೊಸ ನಮೂನೆಯೆಂದು ಇಟ್ಟುಬಿಟ್ಟಿದ್ದಳು. ಕೊಂಬಿಗೆ ಅರಿಶಿನ, ಎಸಳಿಗೆ ಕುಂಕುಮ ಬೇರೆ. "ಅಳಿಸಮ್ಮ" ಅನ್ನುವಷ್ಟರಲ್ಲಿ ಬಂದವರ ಜಟಕಾ ನಿಂತಿತು.

ಹುಡುಗನ ಸೋದರತ್ತೆ ಸೆರಗು ಎತ್ತಿ ಹಿಡಿದು ರಂಗೋಲಿ ಬಳಸಿ ಬಂದು, ಬಲು ಚೆನ್ನಾಗಿದೆಯೆಂದು ತೆಲುಗಿನಲ್ಲೇ ಹೊಗಳಿದರು. "ಚಾಲಾ ಬಾಗುಂದಮ್ಮ! ಇದ್ಯಾವ ಹೂವು? ನಮ್ಮನೇಲೂ ಹಾಕ್ತೀನಿ."

ಅಪ್ಪನಿಗೆ ಹಿಗ್ಗೋ ಹಿಗ್ಗು. "ನನ್ ಮಗಳು ಬರೆದಿದ್ದು. ಹೊಸ ಹುಳ ಕಂಡುಹಿಡಿದಿದಾಳೆ" ಎಂದು ಹಾಳೆಯನ್ನೇ ತಂದು ಹುಡುಗನ ಕೈಗಿಟ್ಟರು. ಅವನು ಕೃಷಿವಿಜ್ಞಾನ ಓದಿದವನು. ಚಿತ್ರದ ಕೆಳಗೆ ನಾನು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದ. ಕಿವಿ ಕೆಂಪಾದವು. ಹಾಳೆಯನ್ನು ಬೋರಲು ಹಾಕಿ ಅತ್ತೆಯ ಕಿವಿಯಲ್ಲಿ ಏನೋ ಅಂದ. ಆಕೆ ಬಾಯಿಗಿಡುತ್ತಿದ್ದ ಕೇಸರಿಬಾತು ತಟ್ಟೆಗೆ ಇಳಿಯಿತು. ನಾನು ನೆಲ ನೋಡುತ್ತ ಕೂತೆ.

ಅವರು ಹೋದ ಮೇಲೆ ಅದೇನು ಚಿತ್ರವೆಂದು ಅಪ್ಪ ಕೇಳಿದರು, ತೊದಲುತ್ತ ಹೇಳಿದೆ. ಅವರು ಹಾಳೆಯನ್ನು ನನ್ನ ಕೈಗಿಟ್ಟು, "ಅದೊಂದು ಬಿಟ್ಬಿಡಮ್ಮ. ರೆಕ್ಕೆ ಬರಿ, ಕಾಲು ಬರಿ, ಸಾಲದಾ?" ಎಂದರು. ನಾನು ಹೂಂ ಎಂದು ಹಾಳೆ ಹಿಡಿದು ಬಚ್ಚಲೊಲೆಯ ಕಡೆ ನಡೆದೆ. ನಮ್ಮ ಮಾತು ಕೇಳಿಸಿಕೊಂಡಿದ್ದ ಅಮ್ಮ ರಂಗೋಲಿ ತೊಳೆಯಲು ಅಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದಳು.

"ಅದಿಲ್ದೆ ಹೊಸ ಹುಳ ಅಂತ ಒಪ್ತಾರೇನೇ?"

"ಇಲ್ಲಮ್ಮ."

"ಮತ್ತೆ ಒಲೆ ಹತ್ರ ನಿಂಗೇನ್ ಕೆಲ್ಸ? ಒಳಗಿಡು ಹೋಗು."

ಹಾಳೆ ಉಳಿಯಿತು. ಚಿತ್ರದ ಸಮೇತ ಲೇಖನ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು, ರೆಕ್ಕೆಯ ಪುಟದ ಮೇಲೆ ಹೆಬ್ಬೆರಳು ಬಿಗಿಯಾಗಿ ಊರಿಕೊಂಡು. ಒಂದು ದಿನ ಪಕ್ಕದ ಮನೆಯ ಅಜ್ಜಿ ಪುಸ್ತಕ ಕಸಿದುಕೊಂಡು ಮುಂದಿನ ಪುಟ ತಿರುವಿದರು.

"ಇದೇನಮ್ಮ?"

ಅಪ್ಪ ಸೂರು ನೋಡಿದರು.

"ರಂಗೋಲಿ ಅಜ್ಜಿ" ಎಂದೆ.

ಒಳಗೆ ಅಮ್ಮ ರಾಗಿ ಬೀಸುತ್ತಿದ್ದ ಸದ್ದು ನಿಂತಿತು. ಆ ಹಾಳೆಯನ್ನು ಒಲೆಯಿಂದ ಉಳಿಸಿದವಳ ಕಿವಿಗೆ ನನ್ನ ಸುಳ್ಳು ಬಿದ್ದಿತ್ತು. ಚಿಂತಾಮಣಿಯವರ ಮುಂದೆ ಕೂಡ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.